ಬಡವರ ಬವಣೆಗೆ ದನಿಯಾದ ಲಾವಣಿ

ಕಾಗವಾಡ, ಅಥಣಿ, ಚಿಕ್ಕೋಡಿ ಸೀಮೆಯ ಜನರಿಗೆ ಗೀಗೀ ಮೇಳ ಹೊಸತಲ್ಲ. ಮುಂದಾಳು ಡಪ್ಪು ಬಡಿಯುತ್ತ ಕಥೆ ಹೇಳಿದರೆ, ಹಿಮ್ಮೇಳದವರು ತುಂತುಣಿ ಮೀಟುತ್ತ, ತಾಳ ಹಾಕುತ್ತ ದನಿಗೂಡಿಸುತ್ತಾರೆ. ಇದನ್ನು ಕೇವಲ ಮನರಂಜನೆಯೆಂದು ತಿಳಿಯುವುದು ಸರಿಯಲ್ಲ. ಅರ್ಜಿ ಬರೆಯಲು ಬಾರದವರ ಬವಣೆಯೂ ಇಂಥ ಹಾಡಿನ ಮೂಲಕ ಊರ ಮುಂದೆ ಬಂದಿದೆ.

ಇದಕ್ಕೆ ಗಟ್ಟಿಯಾದ ಆಧಾರವುಂಟು. ಶಾಸನತಜ್ಞ ಜೆ. ಎಫ್. ಫ್ಲೀಟರು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ, ಸಂಗೊಳ್ಳಿ ರಾಯಣ್ಣನ ಕಥೆಯೊಡನೆ ವರಮಾನ ತೆರಿಗೆಯನ್ನು ಕುರಿತುದೂ ಒಂದಿದೆ. 1857ರ ಬಂಡಾಯದಿಂದ ಬರಿದಾದ ಬೊಕ್ಕಸವನ್ನು ತುಂಬಲು ಬ್ರಿಟಿಷರು 1860ರಲ್ಲಿ ಈ ತೆರಿಗೆಯನ್ನು ಮೊದಲು ವಿಧಿಸಿದ್ದರು.

ಮುಧೋಳ ಸೀಮೆಯ ಹಲಗಲಿ ಬೇಡರ ಲಾವಣಿ ಇನ್ನೂ ಮಾರ್ಮಿಕವಾದುದು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬಂದಾಗ, ಬೇಟೆಯನ್ನೇ ನಂಬಿದ ಬೇಡರಿಗೆ ಅದು ಅನ್ನವನ್ನೇ ಕಸಿದಂತಾಯಿತು. ಅವರು ಕಾದಿದರು, ಊರು ಸುಟ್ಟುಹೋಯಿತು. ಆಳುವವರಿಗೆ ಅದು ದಂಗೆ. ಲಾವಣಿಕಾರನಿಗೆ ಹೊಟ್ಟೆಪಾಡಿನ, ಮಾನದ ಪ್ರಶ್ನೆ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಮುಂದಾಳಿನ ಮಾತನ್ನು ಹಿಮ್ಮೇಳ ಎತ್ತಿಕೊಂಡಾಗ ಒಬ್ಬನ ದೂರು ಎಲ್ಲರ ದೂರಾಗುತ್ತದೆ. ಹಾಡೊಂದೇ ಹಲಗಲಿಯನ್ನು ಉಳಿಸಲಾರದು, ದಿಟ. ದನಿಗೆ ಸಂಘಟನೆಯೂ ಕೂಡಬೇಕು. ನಮ್ಮದೇ ನೆರೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿ ಹೋರಾಡಿದರು. ಯುಗಾಂತರ ತಂಡದ 1982ರ ಸಾಕ್ಷ್ಯಚಿತ್ರದಲ್ಲಿ ಅವರ ಅನುಭವ ದಾಖಲಾಗಿದೆ. ಆದರೆ ಸಂಘ ಕಟ್ಟುವ ಮೊದಲು, ನನ್ನ ನೋವು ನನ್ನೊಬ್ಬನದಲ್ಲವೆಂಬ ಅರಿವು ಮೂಡಬೇಕು. ಲಾವಣಿಯ ಹಿಮ್ಮೇಳ ಮೂಡಿಸಿದ್ದು ಆ ಅರಿವನ್ನೇ.