ಜಿನೀವಾದ ವಾದರಂಗವೂ ನಮ್ಮ ಕಬ್ಬಿನ ಗದ್ದೆಯೂ

ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ, ಸರೋವರದ ತೀರದ ಮೇಲೆ, ೧೯೨೦ರ ದಶಕದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಕಚೇರಿಗೆಂದು ಕಟ್ಟಿಸಿದ ಭವ್ಯಸೌಧವೊಂದುಂಟು. ಇಂದು ಅದು ವಿಶ್ವ ವ್ಯಾಪಾರ ಸಂಸ್ಥೆಯ ಕೇಂದ್ರಸ್ಥಾನವಾಗಿದೆ. ಆ ಸಂಸ್ಥೆಯ ೧೬೬ ಸದಸ್ಯರು ಸುಂಕ, ಸಹಾಯಧನ, ಆಮದು ನಿರ್ಬಂಧಗಳ ತಕರಾರುಗಳನ್ನು ಹೊತ್ತು ಹತ್ತುವ ಮೆಟ್ಟಿಲುಗಳನ್ನು ವರ್ಷಕ್ಕೊಮ್ಮೆ ಬೇರೊಂದು ಬಗೆಯ ವಕೀಲರು ಹತ್ತುತ್ತಾರೆ. ಅವರ ವಯಸ್ಸು ಇಪ್ಪತ್ತರ ಆಸುಪಾಸು. ಅವರ ಕಕ್ಷಿದಾರರು ಭೂಪಟದಲ್ಲಿ ಎಲ್ಲಿಯೂ ಕಾಣದ ರಾಷ್ಟ್ರಗಳು. ಇದೇ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯದ ವಾದಸ್ಪರ್ಧೆ. ಹುಡುಗರ ಆಟವೆಂದು ಇದನ್ನು ಬದಿಗೆ ಸರಿಸುವ ಮುನ್ನ ವಾಚಕರು ನಮ್ಮ ನಾಲ್ಕು ಮಾತುಗಳನ್ನು ಕೇಳಬೇಕೆಂದು ಪ್ರಾರ್ಥಿಸುತ್ತೇವೆ. ಬೆಳಗಾವಿ, ಮಂಡ್ಯಗಳ ಕಬ್ಬಿನ ಗದ್ದೆಗೂ ಆ ಸೌಧಕ್ಕೂ ನಡುವಣ ದಾರಿಯು ತೋರುವಷ್ಟು ದೂರದ್ದಲ್ಲ.

ಯುರೋಪಿನ ನ್ಯಾಯಶಾಸ್ತ್ರ ವಿದ್ಯಾರ್ಥಿಗಳ ಸಂಘವು ೨೦೦೨ರಲ್ಲಿ ಈ ಸ್ಪರ್ಧೆಗೆ ತೊಡಗಿತು. ಈಗ ಅದು ಜಾನ್ ಎಚ್. ಜಾಕ್ಸನ್ನರ ಹೆಸರನ್ನು ಧರಿಸಿದೆ. ೧೯೪೭ರಲ್ಲಿ ೨೩ ರಾಷ್ಟ್ರಗಳು ಸೇರಿ ಸುಂಕ ಮತ್ತು ವ್ಯಾಪಾರದ ಒಡಂಬಡಿಕೆಯನ್ನು ಮಾಡಿಕೊಂಡವು. ಅವುಗಳಲ್ಲಿ ಭಾರತವೂ ಒಂದು. ಆ ಒಡಂಬಡಿಕೆಯ ಮೇಲೆ ೧೯೬೯ರಲ್ಲಿ ಬೃಹದ್ಗ್ರಂಥವನ್ನು ಬರೆದು, ಅದಕ್ಕೊಂದು ಸ್ಥಿರವಾದ ಸಂಸ್ಥೆ ಬೇಕೆಂದು ವಾದಿಸಿದ ಅಮೆರಿಕದ ಆಚಾರ್ಯರೇ ಈ ಜಾಕ್ಸನ್ನರು. ೧೯೯೫ರ ಜನವರಿ ೧ರಂದು ಸಂಸ್ಥೆಯು ಹುಟ್ಟಿದುದನ್ನು ಕಂಡು, ೨೦೧೫ರಲ್ಲಿ ಅವರು ತೀರಿಕೊಂಡರು.

ಸ್ಪರ್ಧೆಯ ಕ್ರಮ ಹೀಗೆ. ಒಂದು ಕಲ್ಪಿತ ವ್ಯಾಜ್ಯವನ್ನು ಮೊದಲು ಪ್ರಕಟಿಸುತ್ತಾರೆ. ತಂಡಗಳು ಲಿಖಿತ ವಾದಗಳನ್ನು ಸಿದ್ಧಗೊಳಿಸುತ್ತವೆ. ಬಳಿಕ ಖಂಡಖಂಡಗಳಲ್ಲಿ ಪ್ರಾದೇಶಿಕ ಸುತ್ತುಗಳು. ಅವುಗಳಲ್ಲಿ ಗೆದ್ದುಬಂದವರಿಗೆ ಜಿನೀವಾದಲ್ಲಿ ಕಡೆಯ ಸುತ್ತು. ಪ್ರತಿಯೊಂದು ತಂಡವೂ ಫಿರ್ಯಾದಿಯ ಪರವಾಗಿಯೂ ಪ್ರತಿವಾದಿಯ ಪರವಾಗಿಯೂ ವಾದಿಸತಕ್ಕದ್ದು ಎಂಬುದೇ ಇದರಲ್ಲಿ ಮುಖ್ಯ ನಿಯಮ. ನಿನ್ನೆ ಯಾವ ಮಾತನ್ನು ಖಂಡಿಸಿದೆವೋ ಇಂದು ಅದನ್ನೇ ಸಮರ್ಥಿಸಬೇಕು. ನಮ್ಮವರಿಗೆ ಇದು ಹೊಸದೆಂದು ಯಾರೂ ಹೇಳಲಾರರು. ಪೂರ್ವಪಕ್ಷವನ್ನು ಎದುರಾಳಿಗಿಂತಲೂ ಚೆನ್ನಾಗಿ ಮಂಡಿಸಬಲ್ಲವನಿಗೆ ಮಾತ್ರ ಸಿದ್ಧಾಂತವನ್ನು ಹೇಳುವ ಅಧಿಕಾರವೆಂಬುದು ಪಾಠಶಾಲೆಯ ಮಣೆಯ ಮೇಲೆ ಕುಳಿತು ತರ್ಕವನ್ನೋದಿದವರೆಲ್ಲರಿಗೂ ಗೊತ್ತು. ಶೃಂಗೇರಿಯ ವಾಕ್ಯಾರ್ಥಸಭೆಯಲ್ಲಿ ಅದು ಇಂದಿಗೂ ನಡೆದುಬಂದಿದೆ. ಇಂಥ ಅಭ್ಯಾಸಕ್ಕೆ ಕನ್ನಡದಲ್ಲಿ 'ಅಣಕು ನ್ಯಾಯಾಲಯ'ವೆಂಬ ಹೆಸರು ರೂಢಿಗೆ ಬಂದಿರುವುದು ನಮಗೆ ಅಷ್ಟಾಗಿ ಹಿಡಿಸದು. ಅಣಕಿಸುವುದಕ್ಕೆ ಅಲ್ಲಿ ಏನಿದೆ?

ಕಲ್ಪಿತ ವ್ಯಾಜ್ಯಗಳ ಬೇರು ನಿಜವಾದ ವ್ಯಾಜ್ಯಗಳಲ್ಲಿದೆ. ಸೀಗಡಿಯ ಪ್ರಕರಣವನ್ನೇ ನೋಡಿ. ಕಡಲಾಮೆಗಳು ಬಲೆಗೆ ಸಿಕ್ಕಿ ಸಾಯದಂತೆ ತಡೆಯುವ ಸಾಧನವಿಲ್ಲದೆ ಹಿಡಿದ ಸೀಗಡಿಯನ್ನು ಅಮೆರಿಕವು ತನ್ನ ಪೇಟೆಗೆ ಬಿಡಲಿಲ್ಲ. ಭಾರತ, ಪಾಕಿಸ್ತಾನ, ಮಲೇಷ್ಯಾ, ಥಾಯ್ಲೆಂಡುಗಳು ಒಟ್ಟಾಗಿ ದೂರು ಕೊಟ್ಟವು. (ಭಾರತ-ಪಾಕಿಸ್ತಾನಗಳು ಒಂದೇ ಪಕ್ಷದಲ್ಲಿ ನಿಂತ ದೃಶ್ಯವು ಬೇರೆಲ್ಲಿ ಕಂಡೀತು!) ೧೯೯೮ರಲ್ಲಿ ಮೇಲ್ಮನವಿ ಮಂಡಲಿಯು ತೀರ್ಪಿತ್ತಿತು: ಆಮೆಗಳ ರಕ್ಷಣೆಯೆಂಬ ಉದ್ದೇಶವು ನ್ಯಾಯವಾದದ್ದೇ, ಆದರೆ ಕೆರಿಬಿಯನ್ ಪ್ರದೇಶದ ದೇಶಗಳಿಗೆ ಮೂರು ವರ್ಷಗಳ ಅವಧಿಯನ್ನು ಕೊಟ್ಟು ಏಷ್ಯಾದವರಿಗೆ ನಾಲ್ಕೇ ತಿಂಗಳನ್ನು ಕೊಟ್ಟದ್ದು ಅಸಮರ್ಥನೀಯವಾದ ಪಕ್ಷಪಾತ. ಅಮೆರಿಕವು ತನ್ನ ನಡೆಯನ್ನು ತಿದ್ದಿಕೊಂಡಿತು, ನಿರ್ಬಂಧವನ್ನು ಉಳಿಸಿಕೊಂಡಿತು. ೨೦೦೧ರಲ್ಲಿ ಮಲೇಷ್ಯಾ ಮತ್ತೆ ಆಕ್ಷೇಪಿಸಿದಾಗ ಗೆಲವು ಅಮೆರಿಕದ್ದಾಯಿತು. ಗೆದ್ದವರು ಯಾರು, ಸೋತವರು ಯಾರು? ಮೀನುಗಾರನ ಹೊಟ್ಟೆಯನ್ನೂ ಆಮೆಯ ಪ್ರಾಣವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಕಲಿಯುವ ತರುಣನಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯದು.

ಇನ್ನು ಕಬ್ಬಿನ ವಿಚಾರ. ೨೦೧೯ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾಗಳು ಭಾರತದ ಮೇಲೆ ಫಿರ್ಯಾದು ಹೂಡಿದವು. ನಮ್ಮ ಸರಕಾರವು ಕಬ್ಬಿಗೆ ಕನಿಷ್ಠ ಬೆಲೆಯನ್ನು ಗೊತ್ತುಪಡಿಸುತ್ತದೆಯಷ್ಟೆ. ಇದು ಮಿತಿಮೀರಿದ ಬೆಂಬಲವೆಂಬುದು ಅವರ ವಾದ. ಅಭಿವೃದ್ಧಿಶೀಲ ರಾಷ್ಟ್ರಕ್ಕೆ ಒಂದು ಬೆಳೆಯ ಒಟ್ಟು ಉತ್ಪನ್ನದ ಬೆಲೆಯಲ್ಲಿ ಶೇಕಡಾ ೧೦ರವರೆಗೆ ಮಾತ್ರ ಇಂಥ ಬೆಂಬಲಕ್ಕೆ ಅವಕಾಶ. ಆ ಬೆಲೆಯನ್ನು ತೆರುವುದು ಸಕ್ಕರೆ ಕಾರ್ಖಾನೆ, ಸರಕಾರದ ಬೊಕ್ಕಸದಿಂದ ಕಾಸೂ ಹೊರಡುವುದಿಲ್ಲ, ಆದ್ದರಿಂದ ಇದು ಬೆಂಬಲವೇ ಅಲ್ಲವೆಂದು ಭಾರತವು ಉತ್ತರಿಸಿತು. ಮಂಡಲಿಯು ಒಪ್ಪಲಿಲ್ಲ. ೨೦೧೪-೧೫ರಿಂದ ೨೦೧೮-೧೯ರವರೆಗಿನ ಐದು ಹಂಗಾಮುಗಳಲ್ಲಿಯೂ ಮಿತಿಯನ್ನು ಮೀರಿದ್ದಾಗಿದೆಯೆಂದು ೨೦೨೧ರ ಡಿಸೆಂಬರಿನಲ್ಲಿ ವರದಿಯಿತ್ತಿತು. ಈ ಬೆಂಬಲವನ್ನು ಅಳೆಯುವ ಕೋಲು ಯಾವುದು? ಕೃಷಿ ಒಡಂಬಡಿಕೆಯು ಗೊತ್ತುಮಾಡಿದ ೧೯೮೬-೮೮ರ ಬೆಲೆ! ಮೂವತ್ತು ವರ್ಷಗಳ ಹಿಂದಿನ ಧಾರಣೆಯಿಂದ ಇಂದಿನ ರೈತನ ಬೆಲೆಯನ್ನು ಅಳೆಯುವುದು ಯಾವ ನ್ಯಾಯವೆಂದು ನಾವು ಕೋಪದಿಂದ ಕೇಳಬಹುದು. ಆದರೆ ಜಿನೀವಾದಲ್ಲಿ ಕೋಪಕ್ಕೆ ಅಂಕಗಳಿಲ್ಲ. ಆ ಕಾಗದಕ್ಕೆ ೧೯೯೪ರಲ್ಲಿ ನಾವೂ ರುಜು ಹಾಕಿದ್ದೇವೆ. ಅದರ ಒಂದೊಂದು ಪದವನ್ನೂ ಬಿಡಿಸಿ ನೋಡಬಲ್ಲ ಬುದ್ಧಿಗಳು ಬೇಕು. ಬ್ರೆಜಿಲಿನ ಪರವಾಗಿ ಒಮ್ಮೆಯಾದರೂ ಮನಃಪೂರ್ವಕವಾಗಿ ವಾದಿಸಿ ನೋಡಿದ ಭಾರತೀಯರು ಬೇಕು.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ನಿಜವಾದ ನ್ಯಾಯಸ್ಥಾನವೇ ಬಾಗಿಲು ಹಾಕಿರುವಾಗ ಕಲ್ಪಿತ ನ್ಯಾಯಸ್ಥಾನದಿಂದೇನು ಪ್ರಯೋಜನ? ಏಳು ಜನರಿರಬೇಕಾದ ಮೇಲ್ಮನವಿ ಮಂಡಲಿಗೆ ಹೊಸಬರ ನೇಮಕವನ್ನು ಅಮೆರಿಕವು ತಡೆದುದರಿಂದ ೨೦೧೯ರ ಡಿಸೆಂಬರಿನಲ್ಲಿ ಅದರ ಕೆಲಸ ನಿಂತಿತು; ೨೦೨೦ರ ನವೆಂಬರಿನಲ್ಲಿ ಕಡೆಯ ಸದಸ್ಯರ ಅವಧಿಯೂ ತೀರಿತು. ನಮ್ಮ ಎ. ವಿ. ಗಣೇಶನ್ನರೂ ಉಜಲ್ ಸಿಂಗ್ ಭಾಟಿಯಾರವರೂ ಕುಳಿತು ಗೌರವ ತಂದ ಪೀಠವದು. ಈ ಸ್ಥಿತಿಯಿಂದ ಭಾರತವೂ ಲಾಭ ಪಡೆದಿದೆಯೆಂಬುದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ: ಸಕ್ಕರೆಯ ವರದಿಯ ಮೇಲೆ ೨೦೨೨ರ ಜನವರಿಯಲ್ಲಿ ಸಲ್ಲಿಸಿದ ಮೇಲ್ಮನವಿಯು, ಕೇಳುವವರಿಲ್ಲದ ಪೀಠಕ್ಕೆ ಸಲ್ಲಿಸಿದ ಮನವಿ. ಇದರಿಂದ ತಾತ್ಕಾಲಿಕವಾಗಿ ಉಸಿರಾಡಬಹುದು. ಆದರೆ ಪೀಠವಿಲ್ಲದ ಜಗತ್ತಿನಲ್ಲಿ ಸುಂಕವನ್ನು ನಿರ್ಣಯಿಸುವುದು ತೋಳ್ಬಲ. ಆ ಲೆಕ್ಕದಲ್ಲಿ ದುರ್ಬಲನಿಗೆ ಏನು ಉಳಿದೀತು? ಕಾನೂನಿನ ಮಾತನ್ನು ಆಡಬಲ್ಲವರು ನಮ್ಮಲ್ಲಿ ಹೆಚ್ಚಬೇಕಾದ ಕಾಲವು ಇದೇ.

ಹಾಗೆ ಹೆಚ್ಚುವವರು ಯಾರ ಮಕ್ಕಳು ಎಂಬುದು ನಮ್ಮ ಕಡೆಯ ಪ್ರಶ್ನೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು ಜೆಸಪ್ ಎಂಬ ಮತ್ತೊಂದು ಜಗತ್ಪ್ರಸಿದ್ಧ ವಾದಸ್ಪರ್ಧೆಯನ್ನು ೧೯೯೯ರಲ್ಲಿಯೂ ೨೦೧೩ರಲ್ಲಿಯೂ ಗೆದ್ದು ಬಂದರು. ನಮಗೆ ಹೆಮ್ಮೆಯ ವಿಷಯ. ಆದರೆ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದಲ್ಲಿರುವ ಜಿಲ್ಲೆಯ ಕಾಲೇಜುಗಳಲ್ಲಿ ಓದುವ ರೈತನ ಮಗಳಿಗೆ ಜಿನೀವಾದ ಪ್ರಯಾಣಧನವನ್ನು ಯಾರು ಕೊಡುವರು? ವಕೀಲರ ಪರಿಷತ್ತಿನ ೨೦೦೮ರ ನಿಯಮಗಳು ವಾದಾಭ್ಯಾಸಕ್ಕೆ ೩೦ ಅಂಕಗಳನ್ನು ಇಟ್ಟಿವೆ. ಅಂಕಗಳಿಗಾಗಿ ಒಪ್ಪಿಸುವ ಗಿಳಿಪಾಠದಿಂದ ವಾದಿಗಳು ಹುಟ್ಟರು. ಸರಕಾರವೂ ಸಕ್ಕರೆ ಕಾರ್ಖಾನೆಗಳೂ ಕೂಡಿ ಒಂದು ನಿಧಿಯನ್ನು ಏರ್ಪಡಿಸಲಿ. ಕಾಲೇಜುಗಳು ಬರುವ ವರ್ಷದ ವಾದಾಭ್ಯಾಸಕ್ಕೆ ಈ ಕಬ್ಬಿನ ವ್ಯಾಜ್ಯವನ್ನೇ ಎತ್ತಿಕೊಳ್ಳಲಿ, ಮೊದಲ ಸುತ್ತನ್ನು ಕನ್ನಡದಲ್ಲಿ ನಡೆಸಲಿ, ಕೇಳುವುದಕ್ಕೆ ಸುತ್ತಣ ಹಳ್ಳಿಗಳ ಬೆಳೆಗಾರರನ್ನು ಕರೆಯಲಿ. ಬ್ರೆಜಿಲಿನ ವಾದವನ್ನು ಅವರೂ ಒಮ್ಮೆ ಪೂರ್ತಿಯಾಗಿ ಕೇಳಬೇಡವೇ?