ನೋಡಿಯೂ ಕಾಣದ ಕಣ್ಣು

ಸಂತೆಯನ್ನು ಮುಗಿಸಿಕೊಂಡು ಇರುಳಿನಲ್ಲಿ ಊರಿಗೆ ಮರಳುತ್ತಿದ್ದ ಗಾಡಿಯವನು ಕುಳಿತಲ್ಲಿಯೇ ತೂಕಡಿಸಿದರೂ, ಹಾದಿಯನ್ನು ಬಲ್ಲ ಎತ್ತುಗಳು ಅವನನ್ನು ಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದುವು. ಮೋಟಾರು ವಾಹನಕ್ಕೆ ಅಂತಹ ಅರಿವಿಲ್ಲವಾದುದರಿಂದ ಎತ್ತಿನ ಎಚ್ಚರವನ್ನೂ ಗಾಡಿಯವನ ಎಚ್ಚರವನ್ನೂ ಚಾಲಕನೊಬ್ಬನೇ ಹೊರಬೇಕಾಗಿದೆ. ಅವನೋ, ಅದರಲ್ಲಿ ದೊಡ್ಡ ಪಾಲನ್ನು ಮೊಬೈಲಿಗೆ ಒಪ್ಪಿಸಿಬಿಡುತ್ತಾನೆ.

ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುವುದರಿಂದ, ಸಂದೇಶವೊಂದನ್ನು ಓದಲು 3 ಸೆಕೆಂಡು ತಲೆ ತಗ್ಗಿಸಿದವನು 50 ಮೀಟರ್ ದೂರವನ್ನು ಕುರುಡನಾಗಿಯೇ ದಾಟುತ್ತಾನೆಂಬುದು ಸರಳ ಗಣಿತ. ಆದರೆ ಕೈ ಸ್ಟೀರಿಂಗಿನ ಮೇಲೆಯೂ ಕಣ್ಣು ರಸ್ತೆಯ ಮೇಲೆಯೂ ಇದ್ದು, ಕಿವಿಯೊಂದು ಮಾತ್ರ ಸಂಭಾಷಣೆಯಲ್ಲಿದ್ದರೆ ಕೇಡೇನು?

ಕೆನಡಾದ ಟೊರಾಂಟೊ ನಗರದಲ್ಲಿ ಅಪಘಾತಕ್ಕೊಳಗಾದ 699 ಮಂದಿ ಚಾಲಕರ ದೂರವಾಣಿ ದಾಖಲೆಗಳನ್ನು ಶೋಧಿಸಿದ ರೆಡೆಲ್‌ಮೈಯರ್ ಮತ್ತು ಟಿಬ್‌ಶಿರಾನಿ ಎಂಬ ವಿದ್ವಾಂಸರು, ಫೋನಿನ ಬಳಕೆಯಿಂದ ಅಪಘಾತದ ಸಂಭವವು ಸುಮಾರು ನಾಲ್ಮಡಿಯಾಗುವುದೆಂದೂ, ಕೈಯಲ್ಲಿ ಹಿಡಿಯದ ಫೋನು ಹೆಚ್ಚು ಸುರಕ್ಷಿತವೆಂಬುದಕ್ಕೆ ಆಧಾರ ದೊರೆಯಲಿಲ್ಲವೆಂದೂ 1997ರಲ್ಲಿ ಪ್ರಕಟಿಸಿದರು. ಇದರ ಕಾರಣವನ್ನು ಅರಸಿದ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು, ಕೃತಕ ರಸ್ತೆಯಲ್ಲಿ ವಾಹನ ನಡೆಸುವವರ ದೃಷ್ಟಿಯ ಚಲನೆಯನ್ನು ಯಂತ್ರದಿಂದ ಗುರುತಿಸಿ, ಅನಂತರ ದಾರಿಯಲ್ಲಿದ್ದ ಜಾಹೀರಾತು ಫಲಕಗಳನ್ನು ಕುರಿತು ಪ್ರಶ್ನಿಸಿದರು. ಫೋನಿನಲ್ಲಿ ಮಾತನಾಡುತ್ತಿದ್ದವರ ದೃಷ್ಟಿ ಫಲಕದ ಮೇಲೆಯೇ ನೆಟ್ಟಿದ್ದಾಗಲೂ ಅದರ ನೆನಪು ಅವರಲ್ಲಿ ಬಹಳವಾಗಿ ಕುಂದಿತ್ತು. ನಮ್ಮ ನುಡಿಯು ನೋಡುವುದನ್ನೂ ಕಾಣುವುದನ್ನೂ ಬೇರೆಬೇರೆಯಾಗಿ ಎಣಿಸಿರುವುದು ಸುಮ್ಮನೆ ಅಲ್ಲ: ನೋಟವು ಕಣ್ಣಿನ ವ್ಯಾಪಾರವಾದರೆ ಕಾಣ್ಕೆಯು ಮನಸ್ಸಿನದು, ಮನಸ್ಸು ಮಾತಿನ ಬೆನ್ನು ಹತ್ತಿ ಹೋದಾಗ, ತೆರೆದ ಕಣ್ಣಿನ ಮುಂದೆಯೇ ರಸ್ತೆಯು ಮರೆಯಾಗುತ್ತದೆ.

ಹಾಗಾದರೆ ಪಕ್ಕದಲ್ಲಿ ಕುಳಿತವರ ಮಾತೂ ಅಷ್ಟೇ ಅಪಾಯಕರವಲ್ಲವೆ? ಅಲ್ಲ, ಎದುರಿಗೆ ಲಾರಿ ಬಂದರೆ ಅದು ಅವರಿಗೂ ಕಾಣುತ್ತದೆ, ತಾವಾಗಿಯೇ ಮಾತು ನಿಲ್ಲಿಸುತ್ತಾರೆ, ತಕ್ಕ ವೇಳೆಗೆ "ನಿಧಾನ, ನಿಧಾನ" ಎಂದು ಎಚ್ಚರಿಸುತ್ತಾರೆ. ಫೋನಿನ ಆಚೆ ಬದಿಯವನಿಗೆ ಲಾರಿಯೂ ಕಾಣದು, ತಿರುವೂ ತಿಳಿಯದು.

2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯ್ದೆಯು, ಫೋನನ್ನು ಕೈಯಲ್ಲಿ ಹಿಡಿದು ಬಳಸುತ್ತ ವಾಹನ ನಡೆಸುವುದನ್ನು ಅಪಾಯಕರ ಚಾಲನೆಯೆಂದು ದಂಡಿಸುತ್ತದೆ. ಕಾನೂನಿಗೆ ಕಾಣುವುದು ಕೈ ಮಾತ್ರ. ಮನಸ್ಸು ಎಲ್ಲಿದೆಯೆಂಬುದನ್ನು ಚಾಲಕನೇ ಬಲ್ಲ. ಮಾತನಾಡಲೇಬೇಕಾದರೆ ವಾಹನವನ್ನು ರಸ್ತೆಯ ಬದಿಗೆ ನಿಲ್ಲಿಸಲಿ; ಮನೆಯ ದಾರಿ ಬಲ್ಲ ಎತ್ತುಗಳು ಅವನ ಮುಂದಿಲ್ಲ.