ಅರ್ಧಕ್ಕೆ ನಿಂತ ಓದು ಮತ್ತು ತೆರೆದಿರುವ ಬಾಗಿಲು

ಅಹಮದಾಬಾದಿನಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ‘ಸ್ಯಾಟಲೈಟ್’ ಎಂಬುದು ನಿತ್ಯದ ವಿಳಾಸ. ಆ ಹೆಸರಿನ ನೆರಳಿನಲ್ಲಿ ಶಿಕ್ಷಣದ ಒಂದು ಸ್ವಾರಸ್ಯಕರ ಇತಿಹಾಸವಿದೆ. ಇಲ್ಲಿಯ ಬಾಹ್ಯಾಕಾಶ ಉಪಯೋಗ ಕೇಂದ್ರವು ಮುಖ್ಯ ಪಾತ್ರ ವಹಿಸಿದ್ದ ‘ಸೈಟ್’ ಎಂಬ ಉಪಗ್ರಹ ಬೋಧನ ಪ್ರಯೋಗವು 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಪಾಠಗಳು ತಲುಪಿದವು. ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಶಿಷ್ಯನು ಗುರುವಿನ ಬಳಿಗೆ ಬರಲಾರದಿದ್ದರೆ ಪಾಠವೇ ಶಿಷ್ಯನ ಬಳಿಗೆ ಹೋಗಬೇಕೆಂಬುದು ಆ ಪ್ರಯೋಗದ ತತ್ತ್ವ. ಇಂದಿನ ಮುಕ್ತ ವಿಶ್ವವಿದ್ಯಾನಿಲಯಗಳ ತತ್ತ್ವವೂ ಅದೇ.

ಈ ತತ್ತ್ವದ ಅಗತ್ಯ ಪರಊರಿಗೆ ಬಂದವರಿಗೆ ಇರುವಷ್ಟು ಬೇರೆ ಯಾರಿಗೂ ಇರಲಾರದು. ಪಿ.ಯು.ಸಿ. ಮುಗಿಯುತ್ತಲೇ ಮದುವೆಯಾಗಿ ಗುಜರಾತಿಗೆ ಬಂದ ಹೆಣ್ಣುಮಕ್ಕಳು, ಎಳೆಯ ವಯಸ್ಸಿನಲ್ಲಿಯೇ ಹೋಟೆಲ್ ಕೆಲಸಕ್ಕೆ ಸೇರಿದ ತರುಣರು, ತಂದೆಯ ವರ್ಗಾವಣೆಯಿಂದ ಕಾಲೇಜು ಬಿಡಬೇಕಾಗಿ ಬಂದವರು ನಮ್ಮ ನಡುವೆಯೇ ಇದ್ದಾರೆ. ಬುದ್ಧಿಯ ಕೊರತೆಯಿಂದ ಇವರ ಓದು ನಿಂತದ್ದಲ್ಲ, ಸನ್ನಿವೇಶದಿಂದ ನಿಂತದ್ದು. ಇಂಥವರಿಗೆ ಪದವಿಯ ದಾರಿ ಇನ್ನೂ ತೆರೆದಿದೆಯೆಂದು ತಿಳಿಸುವುದೂ, ಆ ದಾರಿಯಲ್ಲಿ ಎಡವಬಹುದಾದ ಕಡೆಗಳನ್ನು ತೋರಿಸುವುದೂ ಈ ಲೇಖನದ ಉದ್ದೇಶ.

ನಡೆದು ಬಂದ ಹಾದಿ

ನಮ್ಮ ದೇಶದಲ್ಲಿ ಮನೆಯಲ್ಲಿದ್ದುಕೊಂಡೇ ಪದವಿ ಪಡೆಯುವ ವ್ಯವಸ್ಥೆಯು 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದಿಂದ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯವು ಅದೇ ದಶಕದ ಕೊನೆಯಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಕೈಗೊಂಡಿತು. 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾನಿಲಯವೂ, 1985ರಲ್ಲಿ ಸಂಸತ್ತಿನ ಅಧಿನಿಯಮದಂತೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ ಜನ್ಮ ತಾಳಿದವು. ಗುಜರಾತಿನಲ್ಲಿ 1994ರಲ್ಲಿ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಸ್ವತಂತ್ರ ರೂಪ ಪಡೆಯಿತು.

ದಿನಕ್ಕೆ ಎಷ್ಟು ಹೊತ್ತು ಬೇಕು?

‘ಮನೆಗೆಲಸ, ಮಕ್ಕಳು, ಉದ್ಯೋಗ ಇವುಗಳ ನಡುವೆ ಓದಲು ಸಮಯವೆಲ್ಲಿ?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಮೂರು ವರ್ಷದ ಪದವಿಗೆ ಈಗ 120 ಕ್ರೆಡಿಟ್‌ಗಳು. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ಒಟ್ಟು 3,600 ಗಂಟೆಗಳಾದವು. ಇದನ್ನು ಮೂರು ವರ್ಷಗಳಲ್ಲಿ ಮುಗಿಸುವುದಾದರೆ ದಿನಕ್ಕೆ ಮೂರೂಕಾಲು ಗಂಟೆ ಬೇಕು. ಆದರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವು ಇದೇ ಪದವಿಗೆ ಆರು ವರ್ಷಗಳವರೆಗೆ ಅವಕಾಶ ನೀಡುತ್ತದೆ. ಆಗ ದಿನಕ್ಕೆ ಒಂದು ಗಂಟೆ ನಲವತ್ತು ನಿಮಿಷ ಸಾಕು. ನಿದ್ರೆಗೆಟ್ಟು, ಕಣ್ಣು ದಣಿಸಿಕೊಂಡು ಓದಬೇಕಾದ ಅಗತ್ಯವಿಲ್ಲ. ಅಂಕಗಳ ಬಹುಪಾಲು ಜೂನ್ ಮತ್ತು ಡಿಸೆಂಬರ್ ಪರೀಕ್ಷೆಗಳಿಂದ ಬರುತ್ತದೆ. ಉಳಿದುದು ಮನೆಯಲ್ಲಿ ಬರೆದು ಒಪ್ಪಿಸುವ ಲಿಖಿತ ಪಾಠಗಳಿಂದ.

ಹನ್ನೆರಡನೆಯ ತರಗತಿಯೇ ಆಗಿಲ್ಲದವರು ನಿರಾಶರಾಗಬೇಕಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದವರಿಗೆ ಐದು ವರ್ಷಗಳ ಅವಧಿಯಲ್ಲಿ ಒಂಬತ್ತು ಬಾರಿ ಪರೀಕ್ಷೆಗೆ ಕೂರಲು ಅವಕಾಶವಿದೆ. ಒಂದೊಂದೇ ವಿಷಯವನ್ನು ಮುಗಿಸುತ್ತ ಮುಂದುವರಿಯಬಹುದು.

ನಮ್ಮ ಸಮೀಪದಲ್ಲಿಯೇ

ಅಹಮದಾಬಾದಿನವರಿಗೆ ಇನ್ನೊಂದು ಅನುಕೂಲವುಂಟು. ಸರಖೇಜ್–ಗಾಂಧಿನಗರ ಹೆದ್ದಾರಿಯ ಛಾರೋಡಿಯಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾನಿಲಯದ ಆವರಣವೂ, ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಪ್ರಾದೇಶಿಕ ಕೇಂದ್ರವೂ ಇವೆ. ಮೊದಲನೆಯದರಲ್ಲಿ ಗುಜರಾತಿ ಭಾಷೆಗೆ ಪ್ರಾಧಾನ್ಯ. ಇಲ್ಲಿಯೇ ಹುಟ್ಟಿ ಗುಜರಾತಿ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೆ ಅದು ಸುಲಭವಾದೀತು. ಕರ್ನಾಟಕದಲ್ಲಿ ಓದಿ ಬಂದವರಿಗೆ ಎರಡನೆಯದರ ಇಂಗ್ಲಿಷ್ ಅಥವಾ ಹಿಂದಿ ಮಾಧ್ಯಮ ಹೆಚ್ಚು ಅನುಕೂಲ. ವಡೋದರಾ ಮತ್ತು ಸೂರತ್‌ಗಳಲ್ಲಿರುವ ಬಂಧುಗಳು ಸೇರುವ ಮೊದಲು ತಮಗೆ ಹತ್ತಿರದ ಅಧ್ಯಯನ ಕೇಂದ್ರವನ್ನೂ ಪರೀಕ್ಷಾ ಕೇಂದ್ರವನ್ನೂ ವಿಚಾರಿಸಿಕೊಳ್ಳುವುದು ಒಳಿತು.

ಕನ್ನಡದಲ್ಲಿಯೇ ಓದಬೇಕೆಂಬ ಹಂಬಲ ಅನೇಕರಿಗೆ ಸಹಜ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವು ಅದಕ್ಕೆ ಅವಕಾಶ ಕಲ್ಪಿಸುತ್ತದೆ. ಆದರೆ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೊಂದು ದೂರಶಿಕ್ಷಣಕ್ಕಾಗಿ ತನ್ನ ರಾಜ್ಯದ ಗಡಿಯಾಚೆ ಅಧ್ಯಯನ ಕೇಂದ್ರವನ್ನು ನಡೆಸುವಂತಿಲ್ಲ. ಆದ್ದರಿಂದ ಸಂಪರ್ಕ ತರಗತಿಗೂ ಪರೀಕ್ಷೆಗೂ ಕರ್ನಾಟಕಕ್ಕೆ ಹೋಗಿ ಬರಲು ಸಾಧ್ಯವೇ ಎಂಬುದನ್ನು ಮೊದಲೇ ಯೋಚಿಸಬೇಕು. ಅಂತರ್ಜಾಲದ ಮೂಲಕವೇ ನಡೆಯುವ, ಮಾನ್ಯತೆ ಪಡೆದ ಪದವಿಗಳಿಗೆ ಈ ಗಡಿಯ ನಿರ್ಬಂಧವಿಲ್ಲ.

ಎಚ್ಚರಿಕೆಯ ಮಾತು

ಈ ಗಡಿಯ ನಿಯಮವನ್ನು ಹಗುರವಾಗಿ ಕಾಣಬಾರದು. ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಮೂಲಕ ಶಿಕ್ಷಣಕ್ರಮಗಳನ್ನು ನಡೆಸಿದುದು ಮುಂತಾದ ಕಾರಣಗಳಿಗಾಗಿ, 2012–13ರ ನಂತರ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆಯಿಲ್ಲವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2015ರಲ್ಲಿ ಸಾರಿತು. ಮಾನ್ಯತೆ ಮರಳಿದ್ದು 2018ರಲ್ಲಿ. ಆ ನಡುವೆ ಶ್ರದ್ಧೆಯಿಂದ ಓದಿದ ವಿದ್ಯಾರ್ಥಿಗಳು ತಮ್ಮದಲ್ಲದ ತಪ್ಪಿಗೆ ವರ್ಷಗಟ್ಟಲೆ ಚಿಂತೆಯಲ್ಲಿ ಕಳೆಯಬೇಕಾಯಿತು. ಕಟ್ಟಿದ ಶುಲ್ಕ ಮರಳಿ ಬಂದೀತು. ಕಳೆದ ವರ್ಷಗಳು ಬಾರವು.

ಆದಕಾರಣ ಸೇರುವ ಮೊದಲು ಮೂರು ಸಂಗತಿಗಳನ್ನು ಪರಿಶೀಲಿಸಬೇಕು. ಆ ವಿಶ್ವವಿದ್ಯಾನಿಲಯಕ್ಕೆ ಮಾತ್ರವಲ್ಲ, ತಾವು ಆರಿಸಿದ ಪದವಿಗೂ ಆ ವರ್ಷದ ಮಾನ್ಯತೆ ಇದೆಯೇ? ತಾವಿರುವ ಸ್ಥಳದಲ್ಲಿ ಅದನ್ನು ನಡೆಸಲು ಅದಕ್ಕೆ ಅಧಿಕಾರವಿದೆಯೇ? ಆ ವಿಷಯವನ್ನು ದೂರಶಿಕ್ಷಣದಲ್ಲಿ ಕಲಿಸಬಹುದೇ? ಮೊದಲೆರಡಕ್ಕೆ ಆಯೋಗದ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿರುವ ಪಟ್ಟಿಯೇ ಪ್ರಮಾಣ, ದಲ್ಲಾಳಿಗಳ ಮಾತಲ್ಲ. ಇನ್ನು ಮೂರನೆಯದು. ವೈದ್ಯಕೀಯ, ಇಂಜಿನಿಯರಿಂಗ್, ಶುಶ್ರೂಷೆ, ಕಾನೂನು ಪದವಿಗಳನ್ನು ಈ ಮಾರ್ಗದಲ್ಲಿ ಪಡೆಯುವಂತಿಲ್ಲ. 2025ರ ಜುಲೈ–ಆಗಸ್ಟ್ ಅವಧಿಯಿಂದ ಮನಃಶಾಸ್ತ್ರ, ಆಹಾರ ಮತ್ತು ಪೋಷಣ ವಿಜ್ಞಾನ ಮೊದಲಾದವುಗಳನ್ನೂ ನಿಲ್ಲಿಸಲಾಗಿದೆ. ಮಾನ್ಯತೆಯುಳ್ಳ ದೂರಶಿಕ್ಷಣದ ಪದವಿಯಾದರೋ ಕಾಲೇಜಿನಲ್ಲಿ ಓದಿದ ಪದವಿಗೆ ಸಮಾನವೆಂದು ಆಯೋಗದ ನಿಯಮವೇ ಹೇಳುತ್ತದೆ.

ಬಿಟ್ಟಲ್ಲಿಂದ ಮುಂದಕ್ಕೆ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇನ್ನೊಂದು ಸೌಲಭ್ಯವನ್ನು ತಂದಿದೆ. ಒಂದು ವರ್ಷ ಓದಿ ಬಿಟ್ಟವರಿಗೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ, ನಾಲ್ಕು ವರ್ಷಕ್ಕೆ ಆನರ್ಸ್ ಪದವಿ ಎಂಬ ಕ್ರಮವಿದು. ಗಳಿಸಿದ ಕ್ರೆಡಿಟ್‌ಗಳನ್ನು ಬ್ಯಾಂಕಿನಲ್ಲಿಟ್ಟ ಹಣದಂತೆ ಏಳು ವರ್ಷಗಳವರೆಗೆ ಕಾಯ್ದಿರಿಸಲು 2021ರಲ್ಲಿ ಕ್ರೆಡಿಟ್ ಬ್ಯಾಂಕಿನ ನಿಯಮಗಳು ಬಂದವು. ವರ್ಗಾವಣೆಯ ನೌಕರಿಯಲ್ಲಿರುವ ಕುಟುಂಬಗಳಿಗೆ ಇದು ವರದಾನವೇ ಸರಿ. ಆದರೆ ದಶಕಗಳ ಹಿಂದೆ ಬಿಟ್ಟ ಓದು ಈ ಖಾತೆಗೆ ಸೇರದು. ಅಂಥವರು ಹೊಸದಾಗಿಯೇ ಆರಂಭಿಸಬೇಕು.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಪ್ರವೇಶಪತ್ರಕ್ಕೆ ಓದುವವರೊಬ್ಬರೇ ಸಹಿ ಹಾಕಿದರೂ ಓದು ಸಾಗುವುದು ಮನೆಮಂದಿಯ ಸಹಕಾರದಿಂದ. ಗೃಹಿಣಿಯು ಪುಸ್ತಕ ಹಿಡಿದು ಕುಳಿತ ಆ ಒಂದು ಗಂಟೆ ನಲವತ್ತು ನಿಮಿಷ ಅವರನ್ನು ಯಾರೂ ಎಬ್ಬಿಸಬಾರದು. ನಮ್ಮ ಸಂಘದ ಪದವೀಧರ ಸದಸ್ಯರು ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈ ಪ್ರವೇಶದ ಕಾಲದಲ್ಲಿ, ಅರ್ಜಿ ತುಂಬಲು ನೆರವಾದರೆ ಅದೂ ಒಂದು ಕನ್ನಡದ ಸೇವೆಯೇ. ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ಹಿರಿಯರು. ಗುಜರಾತಿನವರೆಗೆ ಬಂದು ಮೊದಲನೆಯದನ್ನು ನಾವು ಪೂರೈಸಿದ್ದೇವೆ. ಎರಡನೆಯದು ಬಾಕಿ ಉಳಿದವರು ಇನ್ನು ತಡಮಾಡದಿರಲಿ.